ಸಾಗರದಾಚೆಯ ಗಡಿಯಾರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳಿಂದ ಮಕ್ಕಳನ್ನು ಪರದೇಶಕ್ಕೆ ಕಳುಹಿಸಿ, ಮೊಬೈಲಿನಲ್ಲಿ ಅವರ ಮುಖದರ್ಶನವನ್ನು ನಿರೀಕ್ಷಿಸುತ್ತಿರುವ ತಂದೆತಾಯಿಗಳಿಗೆ ಈ ಕಿವಿಮಾತು. ನಮ್ಮ ಕಾಲಮಾನವು 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸಿ ವರ್ಷವಿಡೀ ಏಕರೀತಿಯಾಗಿ ನಡೆಯುವುದಾದರೂ, ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ತಿಂಗಳ ಎರಡನೆಯ ರವಿವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿ, ನವೆಂಬರಿನ ಮೊದಲ ರವಿವಾರ ಹಿಂದಕ್ಕೆ ಸರಿಸುವ ಪದ್ಧತಿಯುಂಟು. ಆದುದರಿಂದ ನ್ಯೂಯಾರ್ಕಿನ ಮುಂಜಾನೆ 9ಕ್ಕೆ ತಪ್ಪದೆ ಕರೆಮಾಡುವ ಮಗನು, ಚಳಿಗಾಲದಲ್ಲಿ ನಮಗೆ ರಾತ್ರಿ 7.30ಕ್ಕೆ ದೊರೆತರೆ, ಬೇಸಿಗೆಯಲ್ಲಿ ತಾಯಿಯು ರೊಟ್ಟಿ ಬಡಿಯುತ್ತಿರುವ ಸಂಜೆ 6.30ಕ್ಕೇ ದೊರೆಯುವನು. ಲಂಡನ್ನಿನಲ್ಲಿಯೂ ಇದೇ ಕ್ರಮ. ಆದರೆ ಅಲ್ಲಿ ಬದಲಾವಣೆಯು ಮಾರ್ಚ್ ಹಾಗೂ ಅಕ್ಟೋಬರಿನ ಕೊನೆಯ ರವಿವಾರಗಳಂದು. ಅಂತರವನ್ನು ಕಂಠಪಾಠಮಾಡುವ ಬದಲು ಮಕ್ಕಳಿರುವ ಊರಿನ ಹೆಸರನ್ನು ಮೊಬೈಲಿನ ಗಡಿಯಾರಕ್ಕೆ ಸೇರಿಸಿರಿ. ಲಗ್ನಮುಹೂರ್ತವನ್ನು ತಿಳಿಸುವಾಗ 'ಭಾರತದ ವೇಳೆ' ಎಂದು ಸ್ಪಷ್ಟವಾಗಿ ಬರೆಯಿರಿ.