ಶ್ರೋಡಿಂಗರನ ಸಮೀಕರಣ

ಎಸೆದ ಕಲ್ಲು ಎಲ್ಲಿ ಬೀಳುವುದೆಂಬುದನ್ನು ನ್ಯೂಟನ್ನನ ನಿಯಮಗಳಿಂದ ಮೊದಲೇ ಹೇಳಬಹುದು. ಪರಮಾಣುವಿನೊಳಗಿನ ಎಲೆಕ್ಟ್ರಾನಿಗೆ ಆ ನಿಯಮಗಳು ಸಾಲವು. ಎಲೆಕ್ಟ್ರಾನಿಗೆ ಅಲೆಯ ಗುಣವೂ ಉಂಟೆಂದು ಫ್ರಾನ್ಸಿನ ಲೂಯಿ ಡಿ ಬ್ರಾಯ್ 1924ರಲ್ಲಿ ಸೂಚಿಸಿದನು. ಆ ಅಲೆಯ ನಡೆಯನ್ನು ತಿಳಿಸುವ ಸಮೀಕರಣವನ್ನು ಜ್ಯೂರಿಕ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಎರ್ವಿನ್ ಶ್ರೋಡಿಂಗರನು 1926ರಲ್ಲಿ ಪ್ರಕಟಿಸಿದನು. ಹೈಡ್ರೋಜನ್ ಪರಮಾಣುವಿಗೆ ಅದನ್ನು ಅನ್ವಯಿಸಿದಾಗ, ಪ್ರಯೋಗಗಳಿಂದ ತಿಳಿದಿದ್ದ ಶಕ್ತಿಮಟ್ಟಗಳೇ ಗಣಿತದಿಂದಲೂ ದೊರೆತವು.

ಆದರೆ ಆ ಅಲೆ ಯಾವುದರದು? ಎಲೆಕ್ಟ್ರಾನು ಇಂಥಲ್ಲಿ ದೊರೆಯುವ ಸಂಭವನೀಯತೆಯನ್ನಷ್ಟೇ ಅದು ತಿಳಿಸುವುದೆಂದು ಅದೇ ವರ್ಷ ಮ್ಯಾಕ್ಸ್ ಬಾರ್ನ್ ವಿವರಿಸಿದನು. ಈ ಅರ್ಥವು ಶ್ರೋಡಿಂಗರನಿಗೆ ಒಪ್ಪಿಗೆಯಾಗಲಿಲ್ಲ. ಆದರೂ ಅಣುಗಳ ಬಂಧ, ಟ್ರಾನ್ಸಿಸ್ಟರಿನೊಳಗಿನ ಅರೆವಾಹಕದ ಗುಣ ಮೊದಲಾದವುಗಳ ಲೆಕ್ಕಕ್ಕೆ ಇಂದಿಗೂ ಆ ಸಮೀಕರಣವೇ ತಳಹದಿ. ಕರ್ತೃವಿನ ಮನಸ್ಸಿಗೆ ಒಪ್ಪಲಿ, ಬಿಡಲಿ. ಪ್ರಯೋಗದ ಒರೆಗಲ್ಲಿಗೆ ನಿಂತುದೇ ವಿಜ್ಞಾನದಲ್ಲಿ ಉಳಿಯುವುದು.