ಮಕ್ಕಳ ಸೇವೆಗೆ ಬರುವ ಸಂಸ್ಥೆಗಳು: ಅಪಾಯ ನಿರ್ವಹಣೆ, ನಿಯಮ ಪಾಲನೆ ಮತ್ತು ಸ್ವಯಂಸೇವಕರ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಪಾಠದ ಉದ್ದೇಶ

ನೆರೆ, ಬರ, ಸಾಂಕ್ರಾಮಿಕ ರೋಗ ಮೊದಲಾದ ಸಂಕಷ್ಟದ ಕಾಲದಲ್ಲಿ ಮಕ್ಕಳ ನೆರವಿಗಾಗಿ ಹಲವು ಸಂಸ್ಥೆಗಳು ಗ್ರಾಮಗಳಿಗೆ ಬರುತ್ತವೆ. ಸಾಮಾನ್ಯ ದಿನಗಳಲ್ಲಿಯೂ ಸಂಜೆ ಪಾಠ, ಆರೋಗ್ಯ ಶಿಬಿರ, ಬೇಸಿಗೆ ಶಿಬಿರಗಳ ಹೆಸರಿನಲ್ಲಿ ಹೊರಗಿನವರು ಮಕ್ಕಳೊಡನೆ ಬೆರೆಯುತ್ತಾರೆ. ಇಂತಹ ಸೇವೆ ಸ್ವಾಗತಾರ್ಹವಾದುದು. ಆದರೆ ಸೇವೆ ನೀಡುವವರ ತಪ್ಪನ್ನು ಗುರುತಿಸಿ ದೂರು ಕೊಡುವ ಶಕ್ತಿ ಮಕ್ಕಳಿಗೆ ಇರುವುದಿಲ್ಲ. ಆದುದರಿಂದ ಆ ಕೆಲಸವನ್ನು ಹಿರಿಯರೇ ವಹಿಸಿಕೊಳ್ಳಬೇಕಾಗುತ್ತದೆ. ಸಂಸ್ಥೆಯ ಒಳಗೆ ಈ ಕೆಲಸಕ್ಕೆ ಅಪಾಯ ನಿರ್ವಹಣೆ ಮತ್ತು ನಿಯಮ ಪಾಲನೆ ಎಂದು ಹೆಸರು. ಈ ಕೆಲಸವನ್ನು ಸ್ವಯಂಸೇವಕರು ಹೇಗೆ ನಿರ್ವಹಿಸುತ್ತಾರೆ, ಪಂಚಾಯಿತಿ ಸದಸ್ಯರು ಸಂಸ್ಥೆಗಳಿಂದ ಏನನ್ನು ಕೇಳಬೇಕು ಎಂಬುದನ್ನು ಈ ಪಾಠ ವಿವರಿಸುತ್ತದೆ.

1. ಸದುದ್ದೇಶವೊಂದೇ ಸಾಲದು

ಮಕ್ಕಳ ಸೇವೆಯ ಅಂತರರಾಷ್ಟ್ರೀಯ ಪರಂಪರೆಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಮೊದಲನೆಯ ಮಹಾಯುದ್ಧದ ನಂತರ ಯುರೋಪಿನಲ್ಲಿ ಹಸಿವಿನಿಂದ ಬಳಲುತ್ತಿದ್ದ ಮಕ್ಕಳಿಗಾಗಿ ಎಗ್ಲಾಂಟೈನ್ ಜೆಬ್ ಮತ್ತು ಅವರ ಸೋದರಿ ಡೊರೊತಿ ಬಕ್ಸ್‌ಟನ್ 1919ರಲ್ಲಿ ಲಂಡನ್ನಿನಲ್ಲಿ ‘ಸೇವ್ ದಿ ಚಿಲ್ಡ್ರನ್’ ನಿಧಿಯನ್ನು ಆರಂಭಿಸಿದರು. 1946ರ ಡಿಸೆಂಬರ್‌ನಲ್ಲಿ ಯುನಿಸೆಫ್ ಸ್ಥಾಪನೆಯಾಯಿತು. ಇಷ್ಟು ಅನುಭವವಿದ್ದ ಕ್ಷೇತ್ರದಲ್ಲಿಯೂ ಮಕ್ಕಳಿಗೆ ಸಹಾಯ ಮಾಡಲು ಹೋದವರಿಂದಲೇ ಮಕ್ಕಳಿಗೆ ಹಾನಿಯಾದ ನಿದರ್ಶನಗಳಿವೆ. ಅವುಗಳಲ್ಲಿ ಎರಡನ್ನು ಇಲ್ಲಿ ಗಮನಿಸಬಹುದು.

2002ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಹಾಗೂ ಬ್ರಿಟನ್ನಿನ ಸೇವ್ ದಿ ಚಿಲ್ಡ್ರನ್ ಸೇರಿ ಪಶ್ಚಿಮ ಆಫ್ರಿಕಾದ ಗಿನಿ, ಲೈಬೀರಿಯಾ ಮತ್ತು ಸಿಯೆರಾ ಲಿಯೋನ್ ದೇಶಗಳ ನಿರಾಶ್ರಿತರ ಶಿಬಿರಗಳ ಬಗ್ಗೆ ವರದಿಯೊಂದನ್ನು ಹೊರತಂದವು. ಪಡಿತರ ಹಂಚುವ ಅಧಿಕಾರವನ್ನೇ ಬಳಸಿಕೊಂಡು ನೆರವು ಕಾರ್ಯಕರ್ತರು ಹೆಣ್ಣುಮಕ್ಕಳನ್ನು ಲೈಂಗಿಕವಾಗಿ ಶೋಷಿಸುತ್ತಿದ್ದಾರೆಂಬ ಆರೋಪಗಳು ಅದರಲ್ಲಿದ್ದವು. ಇದರ ಪರಿಣಾಮವಾಗಿ 2003ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯವರು ತಮ್ಮ ಸಿಬ್ಬಂದಿಗೆ ವಿಶೇಷ ನಿಯಮಗಳನ್ನು ಹೊರಡಿಸಿದರು. 18 ವರ್ಷದೊಳಗಿನವರೊಡನೆ ಲೈಂಗಿಕ ಸಂಪರ್ಕ ನಿಷಿದ್ಧ, ವಯಸ್ಸು ತಿಳಿಯಲಿಲ್ಲವೆಂಬ ಸಮಜಾಯಿಷಿ ಸಲ್ಲದು, ಸಹೋದ್ಯೋಗಿಯ ಮೇಲೆ ಸಂಶಯ ಬಂದರೆ ವರದಿ ಮಾಡುವುದು ಕಡ್ಡಾಯ ಎಂಬ ಅಂಶಗಳು ಅದರಲ್ಲಿ ಸೇರಿದವು.

ಎರಡನೆಯದು 2007ರ ಅಕ್ಟೋಬರ್ ತಿಂಗಳ ಘಟನೆ. ಫ್ರಾನ್ಸಿನ ‘ಲಾರ್ಶ್ ದ ಜೋಯೆ’ ಎಂಬ ಸಂಸ್ಥೆಯವರು ಚಾಡ್ ದೇಶದ ಅಬೇಶೆ ಪಟ್ಟಣದಿಂದ 103 ಮಕ್ಕಳನ್ನು ವಿಮಾನದಲ್ಲಿ ಫ್ರಾನ್ಸಿಗೆ ಸಾಗಿಸಲು ಸಿದ್ಧರಾಗಿದ್ದರು. ಇವರೆಲ್ಲ ಡಾರ್ಫುರ್ ಯುದ್ಧದ ಅನಾಥರು ಎಂಬುದು ಸಂಸ್ಥೆಯ ಹೇಳಿಕೆ. ಅಧಿಕಾರಿಗಳು ತಡೆದು ವಿಚಾರಿಸಿದಾಗ, ಹೆಚ್ಚಿನ ಮಕ್ಕಳಿಗೆ ತಂದೆ ಅಥವಾ ತಾಯಿ ಅಥವಾ ಸಾಕುವ ಹಿರಿಯರು ಇದ್ದುದು ತಿಳಿದುಬಂದಿತು. ಫ್ರಾನ್ಸಿನಲ್ಲಿ ಆ ಮಕ್ಕಳಿಗಾಗಿ ಕಾದಿದ್ದ ಕುಟುಂಬಗಳಲ್ಲಿ ಅನೇಕರು ತಾವು ಪುಣ್ಯದ ಕೆಲಸ ಮಾಡುತ್ತಿದ್ದೇವೆಂದೇ ನಂಬಿದ್ದರು. ಸಂಸ್ಥೆಯ ಆರು ಮಂದಿಗೆ ಚಾಡ್ ನ್ಯಾಯಾಲಯ ಎಂಟು ವರ್ಷಗಳ ಶಿಕ್ಷೆ ವಿಧಿಸಿತು. ಮುಂದೆ ಆ ದೇಶದ ಅಧ್ಯಕ್ಷರು ಅವರಿಗೆ ಕ್ಷಮಾದಾನ ನೀಡಿದರು. ಆದರೆ ಮಕ್ಕಳು ತಮ್ಮ ಮನೆಗಳಿಗೆ ಮರಳಲು ತಿಂಗಳುಗಳೇ ಹಿಡಿದವು.

‘ಈ ಮಗು ಅನಾಥವೆಂದು ಹೇಳಿದವರು ಯಾರು? ಅದಕ್ಕೆ ದಾಖಲೆ ಏನು? ಸಾಗಿಸಲು ಅನುಮತಿ ಕೊಟ್ಟವರು ಯಾರು?’ ಎಂಬ ಮೂರು ಪ್ರಶ್ನೆಗಳನ್ನು ಸಂಸ್ಥೆಯೊಳಗಿನ ಒಬ್ಬರಾದರೂ ಪಟ್ಟುಹಿಡಿದು ಕೇಳಿದ್ದರೆ ಆ ಕಾರ್ಯ ಅಲ್ಲಿಯೇ ನಿಲ್ಲಬೇಕಾಗಿತ್ತು. ಅಪಾಯ ನಿರ್ವಹಣೆಯ ಸ್ವಯಂಸೇವಕರು ಮಾಡಬೇಕಾದುದು ಇದೇ ಕೆಲಸ.

2. ಎರಡು ಪದಗಳ ಅರ್ಥ

ಅಪಾಯ ನಿರ್ವಹಣೆ ಎಂದರೆ ಮುಂದೆ ಆಗಬಹುದಾದ ಕೇಡನ್ನು ಮೊದಲೇ ಊಹಿಸಿ, ಬರೆದಿಟ್ಟು, ತಡೆಯುವ ವ್ಯವಸ್ಥೆ. ಪ್ರತಿಯೊಂದು ಅಪಾಯಕ್ಕೂ ಎರಡು ಅಳತೆಗಳಿವೆ: ಅದು ಘಟಿಸುವ ಸಂಭವ ಎಷ್ಟು, ಘಟಿಸಿದರೆ ಹಾನಿ ಎಷ್ಟು. ಎರಡಕ್ಕೂ 1ರಿಂದ 3ರವರೆಗೆ ಅಂಕ ನೀಡಿ ಗುಣಿಸಿದರೆ ಯಾವುದಕ್ಕೆ ಮೊದಲ ಗಮನ ಕೊಡಬೇಕೆಂಬುದು ತಿಳಿಯುತ್ತದೆ. ಶಿಬಿರದಲ್ಲಿ ಬಿಸ್ಕತ್ತು ಪೊಟ್ಟಣ ಕಡಿಮೆ ಬೀಳುವ ಸಂಭವ 3, ಹಾನಿ 1, ಗುಣಿಸಿದರೆ 3. ಗುರುತು ಪರಿಶೀಲಿಸದ ವ್ಯಕ್ತಿಯೊಬ್ಬ ಮಕ್ಕಳೊಡನೆ ಒಂಟಿಯಾಗಿ ಉಳಿಯುವ ಸಂಭವ 2, ಹಾನಿ 3, ಗುಣಿಸಿದರೆ 6. ಬಿಸ್ಕತ್ತಿನ ಕೊರತೆ ಎಲ್ಲರ ಕಣ್ಣಿಗೂ ಬೀಳುತ್ತದೆ; ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದುದರಿಂದಲೇ ಅದನ್ನು ಬರೆದಿಡಬೇಕು.

ನಿಯಮ ಪಾಲನೆ ಎಂದರೆ ಕಾನೂನು ಹಾಗೂ ಸಂಸ್ಥೆಯ ಸ್ವಂತ ನೀತಿಯಲ್ಲಿ ಹೇಳಿರುವುದು ಸ್ಥಳದಲ್ಲಿ ನಿಜವಾಗಿಯೂ ನಡೆಯುತ್ತಿದೆಯೇ ಎಂದು ಪರಿಶೀಲಿಸುವುದು. ಕಚೇರಿಯ ಕಪಾಟಿನಲ್ಲಿ ಮಕ್ಕಳ ರಕ್ಷಣಾ ನೀತಿಯ ಪ್ರತಿ ಇದ್ದಮಾತ್ರಕ್ಕೆ ನಿಯಮ ಪಾಲನೆಯಾಯಿತೆಂದು ಹೇಳಲಾಗದು.

3. ಸ್ವಯಂಸೇವಕರು ಮಾಡುವ ಕೆಲಸ, ಮಾಡಬಾರದ ಕೆಲಸ

ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು, ಲೆಕ್ಕಪತ್ರ ಬಲ್ಲವರು, ವಕೀಲರು ಈ ಕೆಲಸಕ್ಕೆ ತಕ್ಕವರು. ಅವರು ಸಾಮಾನ್ಯವಾಗಿ ಕೈಗೊಳ್ಳಬಹುದಾದ ಕಾರ್ಯಗಳು ಇವು:

ಅ) ಅಪಾಯಗಳ ಪಟ್ಟಿಯನ್ನು ಒಂದು ಪುಸ್ತಕದಲ್ಲಿ ಬರೆದು, ಪ್ರತಿ ಅಪಾಯಕ್ಕೆ ಹೊಣೆಗಾರರ ಹೆಸರು ಮತ್ತು ದಿನಾಂಕ ನಮೂದಿಸುವುದು.
ಆ) ಮಕ್ಕಳ ಸಂಪರ್ಕಕ್ಕೆ ಬರುವ ಪ್ರತಿಯೊಬ್ಬರ ಗುರುತಿನ ಚೀಟಿ, ಹಿಂದಿನ ಕೆಲಸದ ವಿಚಾರಣೆ, ಪೊಲೀಸ್ ಪರಿಶೀಲನೆ ಆಗಿದೆಯೇ ಎಂದು ನೋಡುವುದು.
ಇ) ಯಾವ ಕಾರ್ಯಕರ್ತರೂ ಮಗುವಿನೊಡನೆ ಮರೆಯಾದ ಸ್ಥಳದಲ್ಲಿ ಒಂಟಿಯಾಗಿ ಇರದಂತೆ, ಕನಿಷ್ಠ ಇಬ್ಬರು ಹಿರಿಯರು ಇರುವಂತೆ ನೋಡಿಕೊಳ್ಳುವುದು.
ಈ) ಮಕ್ಕಳ ಭಾವಚಿತ್ರ ಮತ್ತು ವಿವರಗಳನ್ನು ಪೋಷಕರ ಒಪ್ಪಿಗೆಯಿಲ್ಲದೆ ಬಳಸದಂತೆ ತಡೆಯುವುದು.
ಉ) ಖರೀದಿಯ ರಸೀದಿ, ದಾಸ್ತಾನು ಪುಸ್ತಕ ಮತ್ತು ವಿತರಣಾ ಪಟ್ಟಿಗಳನ್ನು ತಾಳೆ ನೋಡುವುದು.
ಊ) ದೂರು ನೀಡಲು ಕೊಟ್ಟಿರುವ ದೂರವಾಣಿ ಸಂಖ್ಯೆಗೆ ಸ್ವತಃ ಕರೆ ಮಾಡಿ, ಆ ಕಡೆ ಯಾರಾದರೂ ಉತ್ತರಿಸುತ್ತಾರೆಯೇ ಎಂದು ಪರೀಕ್ಷಿಸುವುದು.

ಮಾಡಬಾರದ ಕೆಲಸಗಳೂ ಅಷ್ಟೇ ಮುಖ್ಯ. ದೌರ್ಜನ್ಯದ ಸಂಶಯ ಬಂದಾಗ ಸ್ವಯಂಸೇವಕರು ತಾವೇ ತನಿಖೆ ನಡೆಸಬಾರದು. ಮಗುವನ್ನು ಮತ್ತೆ ಮತ್ತೆ ಪ್ರಶ್ನಿಸಬಾರದು. ಆರೋಪಿಗೆ ಮುನ್ಸೂಚನೆ ಕೊಡಬಾರದು. ಊರಿನ ಹಿರಿಯರ ಮುಂದೆ ರಾಜಿ ಪಂಚಾಯಿತಿ ಮಾಡಿಸಬಾರದು. ಮಗು ಹೇಳಿದುದನ್ನು ಅದರ ಮಾತಿನಲ್ಲಿಯೇ ಬರೆದುಕೊಂಡು ತಡಮಾಡದೆ ಪೊಲೀಸರಿಗೆ ತಿಳಿಸುವುದಷ್ಟೇ ಅವರ ಕರ್ತವ್ಯ. ಸಂಸ್ಥೆಯ ಮುಖ್ಯಸ್ಥರ ಬಂಧುಗಳನ್ನಾಗಲಿ ಹಣ ಪಾವತಿಗೆ ಸಹಿ ಹಾಕುವವರನ್ನಾಗಲಿ ಈ ಹೊಣೆಗೆ ನೇಮಿಸುವುದು ಸರಿಯಲ್ಲ.

4. ಒಂದು ಮಾದರಿ ಸಂದರ್ಭ

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ನೆರೆಯಿಂದ ಬೆಳಗಾವಿ, ಬಾಗಲಕೋಟೆ ಮುಂತಾದ ಜಿಲ್ಲೆಗಳ ಜನರು ಮನೆ ತೊರೆದು ಪರಿಹಾರ ಕೇಂದ್ರಗಳಲ್ಲಿ ಆಶ್ರಯ ಪಡೆಯಬೇಕಾಯಿತು. ಅಂತಹ ಸನ್ನಿವೇಶವನ್ನು ಆಧಾರವಾಗಿಟ್ಟುಕೊಂಡು ಚರ್ಚೆಗೆಂದು ಕಲ್ಪಿಸಿದ ಸಂದರ್ಭ ಹೀಗಿದೆ.

ನದಿತೀರದ ಗ್ರಾಮವೊಂದರ ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆಯಲಾಗಿದೆ. ನಗರದ ಸಂಸ್ಥೆಯೊಂದು ಹಾಲಿನ ಪುಡಿ, ಹೊದಿಕೆ, ಆಟದ ಸಾಮಾನುಗಳೊಡನೆ ಬಂದಿದೆ. ಸಂಸ್ಥೆಯ ಅಪಾಯ ನಿರ್ವಹಣೆಯ ಸ್ವಯಂಸೇವಕಿ ಅದೇ ತಾಲ್ಲೂಕಿನ ನಿವೃತ್ತ ಶಿಕ್ಷಕಿ. ಮೊದಲ ಸಂಜೆಯೇ ಅವರು ತಮ್ಮ ಪುಸ್ತಕದಲ್ಲಿ ಮೂರು ಸಾಲು ಬರೆಯುತ್ತಾರೆ: ಶೌಚಾಲಯದ ದಾರಿಯಲ್ಲಿ ದೀಪವಿಲ್ಲ, ಹೊದಿಕೆ ಪಡೆಯುವ ಬಾಲಕಿಯರ ಚಿತ್ರವನ್ನು ಹೆಸರು, ಊರು ಸಹಿತ ಮೊಬೈಲಿನಲ್ಲಿ ಹಂಚಲಾಗುತ್ತಿದೆ, ಇಬ್ಬರು ಯುವಕರು ಸಂಸ್ಥೆಯ ಅಂಗಿ ಧರಿಸಿದ್ದಾರೆ, ಪಟ್ಟಿಯಲ್ಲಿ ಅವರ ಹೆಸರಿಲ್ಲ.

ಮರುದಿನ ಇನ್ನೊಂದು ವಿಷಯ ಬರುತ್ತದೆ. ಒಂಬತ್ತು ಮತ್ತು ಆರು ವರ್ಷದ ಅಕ್ಕ-ತಮ್ಮಂದಿರ ತಾಯಿ ತಾಲ್ಲೂಕು ಆಸ್ಪತ್ರೆಯಲ್ಲಿದ್ದಾಳೆ, ತಂದೆಯ ಸುಳಿವಿಲ್ಲ. ಸಂಸ್ಥೆಯ ಸಂಯೋಜಕರು ಇಬ್ಬರನ್ನೂ ನಗರದ ವಸತಿಗೃಹಕ್ಕೆ ಕರೆದೊಯ್ಯಲು ವಾಹನ ಸಿದ್ಧಪಡಿಸುತ್ತಾರೆ. ಶಿಕ್ಷಕಿ ತಡೆಯುತ್ತಾರೆ.

“ಮೇಡಂ, ಇಂಥ ಹೊತ್ತಿನಲ್ಲಿ ಕಾಗದಪತ್ರ ಕೇಳುತ್ತ ಕುಳಿತರೆ ಸೇವೆ ಮಾಡುವುದು ಯಾವಾಗ?” ಎಂದು ಸಂಯೋಜಕರು ಕೇಳುತ್ತಾರೆ.

“ನಾಳೆ ಇವರ ಅಪ್ಪ ಬಂದು ನನ್ನ ಮಕ್ಕಳು ಎಲ್ಲಿ ಎಂದು ಕೇಳಿದರೆ, ಉತ್ತರ ಕೊಡಬೇಕಾದವರು ನಾವೇ ಅಲ್ಲವೇ ಸರ್?” ಎಂಬುದು ಶಿಕ್ಷಕಿಯ ಉತ್ತರ.

ವಾಹನ ಹೊರಡುವುದಿಲ್ಲ. 1098ಕ್ಕೆ ಕರೆ ಹೋಗುತ್ತದೆ. ಮಕ್ಕಳ ವಿಷಯ ಮಕ್ಕಳ ಕಲ್ಯಾಣ ಸಮಿತಿಗೆ ತಲುಪುತ್ತದೆ. ಸಮಿತಿಯ ಸೂಚನೆಯಂತೆ ಮಕ್ಕಳು ಕೇಂದ್ರದಲ್ಲಿಯೇ ಇದ್ದ ಸೋದರತ್ತೆಯ ಬಳಿ ಉಳಿಯುತ್ತಾರೆ. ಪರ ಜಿಲ್ಲೆಗೆ ದುಡಿಯಲು ಹೋಗಿದ್ದ ತಂದೆ ಮೂರನೆಯ ದಿನ ರಸ್ತೆ ತೆರೆದ ಮೇಲೆ ಬಂದು ಮಕ್ಕಳನ್ನು ಕಾಣುತ್ತಾನೆ. ಸಂಯೋಜಕರ ಉದ್ದೇಶ ಕೆಟ್ಟದಾಗಿರಲಿಲ್ಲ. ಆದರೆ ಆ ವಾಹನ ಹೊರಟಿದ್ದರೆ ತಂದೆ ತನ್ನ ಮಕ್ಕಳನ್ನು ಹುಡುಕಿಕೊಂಡು ಅರಿಯದ ನಗರದಲ್ಲಿ ಅಲೆಯಬೇಕಾಗುತ್ತಿತ್ತು.

5. ತಿಳಿದಿರಬೇಕಾದ ಕಾನೂನು

ಬಾಲನ್ಯಾಯ (ಮಕ್ಕಳ ಪೋಷಣೆ ಮತ್ತು ರಕ್ಷಣೆ) ಕಾಯ್ದೆ, 2015: ಪೋಷಣೆ ಮತ್ತು ರಕ್ಷಣೆ ಅಗತ್ಯವಿರುವ ಮಕ್ಕಳನ್ನು ಇರಿಸಿಕೊಳ್ಳುವ ಎಲ್ಲ ಸಂಸ್ಥೆಗಳೂ, ಸರ್ಕಾರದ ಅನುದಾನ ಪಡೆಯಲಿ ಪಡೆಯದಿರಲಿ, ಕಲಂ 41ರಂತೆ ನೋಂದಣಿಯಾಗಿರಬೇಕು. ಪ್ರಕೃತಿ ವಿಕೋಪದಿಂದ ಬಾಧಿತವಾದ ಮಗುವೂ ಈ ವ್ಯಾಖ್ಯೆಯೊಳಗೆ ಬರುತ್ತದೆ. ಪೋಷಕರಿಂದ ಬೇರ್ಪಟ್ಟ ಮಗು ದೊರೆತರೆ ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಗಳೊಳಗೆ ಮಕ್ಕಳ ಸಹಾಯವಾಣಿ, ಪೊಲೀಸ್ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು.

ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆ ಕಾಯ್ದೆ, 2012 (ಪೋಕ್ಸೊ): ಅಪರಾಧ ನಡೆದುದು ತಿಳಿದಿದ್ದರೆ ಅಥವಾ ನಡೆಯಬಹುದೆಂಬ ಆತಂಕವಿದ್ದರೆ ಯಾವುದೇ ವ್ಯಕ್ತಿ ಕಲಂ 19ರಂತೆ ಪೊಲೀಸರಿಗೆ ತಿಳಿಸಬೇಕು. ಅಪರಾಧ ನಡೆದುದನ್ನು ತಿಳಿದೂ ವರದಿ ಮಾಡದವರಿಗೆ ಆರು ತಿಂಗಳವರೆಗೆ, ಅಧೀನ ಸಿಬ್ಬಂದಿಯ ಅಪರಾಧವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಕಾರಾವಾಸ ವಿಧಿಸಲು ಅವಕಾಶವಿದೆ. ಸದ್ಭಾವನೆಯಿಂದ ಮಾಹಿತಿ ನೀಡಿದವರಿಗೆ ಕಾನೂನಿನ ರಕ್ಷಣೆಯಿದೆ. 2020ರ ಪೋಕ್ಸೊ ನಿಯಮಗಳಂತೆ ಮಕ್ಕಳೊಡನೆ ನಿಯಮಿತ ಸಂಪರ್ಕವಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸತಕ್ಕದ್ದು.

ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆ, 2010: 2020ರ ತಿದ್ದುಪಡಿಯ ನಂತರ, ವಿದೇಶಿ ವಂತಿಗೆ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ಅಥವಾ ವ್ಯಕ್ತಿಗೆ ವರ್ಗಾಯಿಸುವಂತಿಲ್ಲ. ಸ್ಥಳೀಯ ಯುವಕ ಸಂಘ ಅಥವಾ ಸ್ವಸಹಾಯ ಗುಂಪಿನ ಖಾತೆಗೆ ಇಂತಹ ಹಣ ಹಾಕುವ ಪ್ರಸ್ತಾವ ಬಂದರೆ ಎಚ್ಚರ ವಹಿಸಬೇಕು.

6. ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

1) ಮಕ್ಕಳೊಡನೆ ಕೆಲಸ ಮಾಡುವ ಸಂಸ್ಥೆಗಳ ವಿವರ ವಹಿಯನ್ನು ತೆರೆಯುವುದು. ನೋಂದಣಿ ಸಂಖ್ಯೆ, ಹೊಣೆಗಾರರ ಹೆಸರು, ಬರುವ ಕಾರ್ಯಕರ್ತರ ಪಟ್ಟಿ ಅದರಲ್ಲಿರಲಿ.
2) ಸಂಸ್ಥೆಯ ಮಕ್ಕಳ ರಕ್ಷಣಾ ನೀತಿಯ ಕನ್ನಡ ಪ್ರತಿಯನ್ನು ಪಡೆಯುವುದು ಮತ್ತು ಅದರ ಪಾಲನೆ ನೋಡುವವರು ಯಾರೆಂದು ಕೇಳುವುದು.
3) ಸಾಮಾಜಿಕ ನ್ಯಾಯ ಸಮಿತಿಯ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸುವುದು.
4) ಶಾಲೆ, ಅಂಗನವಾಡಿ, ಗ್ರಂಥಾಲಯ, ಪಂಚಾಯಿತಿ ಕಚೇರಿಗಳ ಗೋಡೆಯ ಮೇಲೆ, ಮಗುವಿನ ಕಣ್ಣಿಗೆ ಕಾಣುವ ಎತ್ತರದಲ್ಲಿ, 1098 ಮತ್ತು 112 ಸಂಖ್ಯೆಗಳನ್ನು ಬರೆಸುವುದು.
5) ಮಕ್ಕಳ ಗ್ರಾಮ ಸಭೆಯಲ್ಲಿ ಸಂಸ್ಥೆಗಳ ಕೆಲಸದ ಬಗ್ಗೆ ಮಕ್ಕಳ ಅಭಿಪ್ರಾಯವನ್ನೇ ಕೇಳುವುದು.
6) ಮಳೆಗಾಲಕ್ಕೆ ಮುನ್ನ ಕಾಳಜಿ ಕೇಂದ್ರವಾಗಬಹುದಾದ ಕಟ್ಟಡಗಳಲ್ಲಿ ಬೆಳಕು, ಬಾಗಿಲ ಚಿಲಕ, ಪ್ರತ್ಯೇಕ ಶೌಚಾಲಯಗಳನ್ನು ಪರಿಶೀಲಿಸುವುದು.
7) ಗ್ರಾಮದಲ್ಲಿರುವ ನಿವೃತ್ತ ನೌಕರರನ್ನು ಗುರುತಿಸಿ, ಈ ಸೇವೆಗೆ ಪ್ರೇರೇಪಿಸುವುದು.

ನೆರವು ತಂದವರನ್ನು ಪ್ರಶ್ನಿಸುವುದು ಅಗೌರವವೆಂಬ ಸಂಕೋಚ ಹಲವರಲ್ಲಿದೆ. ಒಳ್ಳೆಯ ಸಂಸ್ಥೆಗೆ ಇಂತಹ ಪ್ರಶ್ನೆ ಹೊಸದಲ್ಲ. ಅದು ಉತ್ತರವನ್ನು ಸಿದ್ಧವಾಗಿಟ್ಟುಕೊಂಡೇ ಬರುತ್ತದೆ. ಪ್ರಶ್ನೆ ಕೇಳಿದ ಕಾರಣಕ್ಕೆ ಹಿಂದಿರುಗಿ ಹೋಗುವ ಸಂಸ್ಥೆಯ ನೆರವನ್ನು ಕಳೆದುಕೊಂಡುದಕ್ಕಾಗಿ ಪಂಚಾಯಿತಿ ವಿಷಾದಿಸಬೇಕಾಗಿಲ್ಲ.

7. ಚರ್ಚೆಗಾಗಿ ಪ್ರಶ್ನೆಗಳು

ಅ) ನಿಮ್ಮ ಪಂಚಾಯಿತಿ ವ್ಯಾಪ್ತಿಯಲ್ಲಿ ಮಕ್ಕಳೊಡನೆ ಕೆಲಸ ಮಾಡುತ್ತಿರುವ ಸಂಸ್ಥೆಗಳು ಎಷ್ಟು? ಅವುಗಳ ಕಾರ್ಯಕರ್ತರ ಹೆಸರು ಪಂಚಾಯಿತಿಯಲ್ಲಿ ದಾಖಲಾಗಿದೆಯೇ?
ಆ) ಮಾದರಿ ಸಂದರ್ಭದಲ್ಲಿ ಶಿಕ್ಷಕಿ ಬರೆದ ಮೂರು ಅಪಾಯಗಳಿಗೆ ಸಂಭವ ಮತ್ತು ಹಾನಿಯ ಅಂಕಗಳನ್ನು ನೀಡಿರಿ. ಅದೇ ರಾತ್ರಿ ಸರಿಪಡಿಸಬೇಕಾದುದು ಯಾವುದು?
ಇ) ಆ ಶಿಕ್ಷಕಿ ಅಲ್ಲಿ ಇರದಿದ್ದರೆ, ವಾಹನವನ್ನು ತಡೆದು ಪ್ರಶ್ನಿಸುವ ಹೊಣೆ ಯಾರದಾಗುತ್ತಿತ್ತು?