ಜಿನ್ನ್ ಬಾಧೆಯೆನ್ನುವ ಮುನ್ನ

ಮನೆಯ ಹಿರಿಯರೊಬ್ಬರು ಇದ್ದಕ್ಕಿದ್ದಂತೆ ಸೊಸೆಯ ಮೇಲೆ ಸಂಶಯಪಡುತ್ತಾರೆ, ಯಾರೂ ಇಲ್ಲದಾಗಲೂ ಮಾತು ಕೇಳಿಸುತ್ತಿದೆ ಎನ್ನುತ್ತಾರೆ. ಕೂಡಲೇ ನಾವು ಜಿನ್ನ್ ಬಾಧೆಯೆಂದು ತೀರ್ಮಾನಿಸಿ ತಾಯಿತ ಕಟ್ಟುವವರನ್ನು ಹುಡುಕುತ್ತೇವೆ. ಅವರ ಪಾದಗಳು ಜೋಮು ಹಿಡಿಯುತ್ತಿವೆಯೇ, ನಾಲಗೆ ಉರಿಯುತ್ತಿದೆಯೇ, ನಡೆಯುವಾಗ ತೋಲ ತಪ್ಪುತ್ತಿದೆಯೇ ಎಂದು ಕೇಳಿದ್ದೇವೆಯೇ? ವಿಟಮಿನ್ ಬಿ-12ರ ಕೊರತೆಯು ನರಗಳನ್ನೂ ಮೆದುಳನ್ನೂ ಬಾಧಿಸಿ ಇಂತಹ ಭ್ರಮೆಗಳನ್ನು ತರಬಲ್ಲದು. ಕೆಲವರಲ್ಲಿ ರಕ್ತಹೀನತೆ ಇಲ್ಲದೆಯೂ ಹೀಗಾಗುತ್ತದೆ.

“ನಾವು ಮಾಂಸ ತಿನ್ನುವವರು, ನಮಗೆಲ್ಲಿಯ ಕೊರತೆ?” ಎನ್ನಬೇಡಿ. ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ ಅದು ಇರುವುದು ನಿಜ. ಆದರೆ ಜಠರದ ಆಮ್ಲ ಕುಗ್ಗಿದ ವೃದ್ಧರಲ್ಲಿ, ಸಕ್ಕರೆ ಕಾಯಿಲೆಗಾಗಿ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಅದು ಸರಿಯಾಗಿ ರಕ್ತಕ್ಕೆ ಸೇರದಿರಬಹುದು. ಕೊರತೆಯನ್ನು ರಕ್ತಪರೀಕ್ಷೆಯಿಂದ ಪತ್ತೆಹಚ್ಚಬಹುದು, ಚುಚ್ಚುಮದ್ದಿನಿಂದ ನೀಗಿಸಬಹುದು. ತಡವಾದರೆ ನರಗಳ ಹಾನಿ ಶಾಶ್ವತವಾದೀತು. ಅಂಗಡಿಯಿಂದ ಬರೀ ಫೋಲಿಕ್ ಆಮ್ಲದ ಮಾತ್ರೆ ತಂದು ಕೊಡುವುದಂತೂ ಅಪಾಯ. ರಕ್ತ ಸುಧಾರಿಸಿದಂತೆ ಕಂಡರೂ ಒಳಗೆ ನರಗಳು ಕೆಡುತ್ತಲೇ ಇರುತ್ತವೆ.

ಹಾಗೆಂದು ಎಲ್ಲ ಮನೋರೋಗಕ್ಕೂ ಇದೇ ಕಾರಣವಲ್ಲ. ಮನೋವೈದ್ಯರು ಕೊಟ್ಟ ಔಷಧಿಯನ್ನು ನಿಲ್ಲಿಸಿ ವಿಟಮಿನ್ ನುಂಗಿಸಬೇಡಿ. ಅಲ್ಲಾಹನು ರೋಗದೊಂದಿಗೆ ಅದರ ಶಮನವನ್ನೂ ಇಳಿಸಿದ್ದಾನೆಂದು ಪ್ರವಾದಿ(ಸ) ಕಲಿಸಿದ್ದಾರೆ. ದುಆ ಮಾಡಿರಿ, ಜೊತೆಗೆ ವೈದ್ಯರ ಬಳಿಗೂ ಕರೆದೊಯ್ಯಿರಿ. ಹೋಗುವಾಗ ಅವರು ಸೇವಿಸುತ್ತಿರುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ.